ರಕ್ತನಾಳ ಹುಟ್ಟಿನಿಂದಲೇ ದಾರಿ ಬದಲಿಸಿದ್ದರೆ...

ಯಜಮಾನರಿಗೆ ಹಾರ್ಟ್ ಅಟ್ಯಾಕ್ ಆಯ್ತು, ಸ್ಟೆಂಟ್ ಹಾಕಿದರು, ಮನೆಗೂ ಬಂದಾಯ್ತು. ಆಮೇಲೆ ಆಂಜಿಯೋಗ್ರಾಂ ರಿಪೋರ್ಟ್ ತೆಗೆದು ನೋಡಿದರೆ ‘ಅನಾಮಲಸ್ ಆರಿಜಿನ್’ ಅಂತ ಒಂದು ಸಾಲು. ಹುಟ್ಟಿನಿಂದ ಬಂದ ದೋಷವಂತೆ ಅಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಗಾಬರಿ ಬೇಡ, ಆದರೆ ಆ ಸಾಲನ್ನು ಮರೆಯಲೂಬೇಡಿ.

ಹೃದಯಕ್ಕೆ ರಕ್ತ ಕೊಡುವ ಕರೊನರಿ ನಾಳಗಳು ಎರಡು. ಮಹಾಪಧಮನಿಯ ಬುಡದಲ್ಲಿ ಎಡಕ್ಕೊಂದು, ಬಲಕ್ಕೊಂದು ಹುಟ್ಟುತ್ತವೆ. ನೂರರಲ್ಲಿ ಸುಮಾರು ಒಬ್ಬರಿಗೆ ಇವು ಹುಟ್ಟುವ ಜಾಗವೋ ಸಾಗುವ ದಾರಿಯೋ ಬೇರೆ ಇರುತ್ತದೆ. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಅವರಿಗೂ ಅಟ್ಯಾಕ್ ಆಗುವುದು ಸಾಮಾನ್ಯವಾಗಿ ಕೊಬ್ಬು ಕಟ್ಟಿ, ರಕ್ತ ಹೆಪ್ಪುಗಟ್ಟಿಯೇ.

ಅಪಾಯ ಯಾವಾಗ?

ಎಡ ನಾಳ ಬಲಗಡೆಯಿಂದ ಹುಟ್ಟಿ, ಮಹಾಪಧಮನಿಗೂ ಶ್ವಾಸಕೋಶದ ದೊಡ್ಡ ನಾಳಕ್ಕೂ ನಡುವೆ ಹಾದುಹೋದರೆ ಅಪಾಯ. ಓಡಿ ಆಡುವಾಗ ಹೃದಯಕ್ಕೆ ರಕ್ತ ಸಾಲದೇ ಹೋಗಬಹುದು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮಾರಾವಿಚ್ 1988ರಲ್ಲಿ ಆಡುತ್ತಲೇ ಕುಸಿದು ತೀರಿಕೊಂಡಾಗ ಅವರಿಗೆ 40 ವರ್ಷ. ಅವರಿಗೆ ಎಡ ಕರೊನರಿ ನಾಳವೇ ಇರಲಿಲ್ಲ ಎಂದು ಗೊತ್ತಾದದ್ದು ಮರಣೋತ್ತರ ಪರೀಕ್ಷೆಯಲ್ಲಿ!

ಚಿಕಿತ್ಸೆ ಏನು?

ಅಟ್ಯಾಕ್ ಆದಾಗ ಮೊದಲ ಕೆಲಸ ಬ್ಲಾಕ್ ತೆಗೆಯುವುದು. ನಾಳದ ಬಾಯಿ ಇರಬೇಕಾದ ಜಾಗದಲ್ಲಿ ಸಿಗದಿದ್ದರೆ ವೈದ್ಯರು ಬೇರೆ ಆಕಾರದ ಕ್ಯಾತಿಟರ್ ಬಳಸಿ ಹುಡುಕುತ್ತಾರೆ, ಸ್ವಲ್ಪ ತಡವಾಗಬಹುದು. ನಾಳ ಯಾವ ದಾರಿಯಲ್ಲಿದೆ ಅಂತ ಆಮೇಲೆ ಸಿ.ಟಿ. ಆಂಜಿಯೋಗ್ರಾಂ ತೋರಿಸುತ್ತದೆ. ಅಪಾಯದ ದಾರಿಯಾಗಿದ್ದರೆ ಆಪರೇಷನ್ ಬೇಕಾದೀತು.

ದೂರದ ಊರಿನವರು ಗಮನಿಸಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆ ಎದೆನೋವು ಅಂದ ಕೂಡಲೇ ‘ಸೀದಾ ಜಯದೇವಕ್ಕೆ ಹೋಗೋಣ’ ಅಂತ ಹೊರಡುವುದುಂಟು. ಬನ್ನೇರುಘಟ್ಟ ರಸ್ತೆ ತಲುಪಲು ಇಡೀ ಬೆಂಗಳೂರು ದಾಟಬೇಕು. ಅದರ ಬದಲು 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಲಾಗಿದೆ. ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತ. ನಿಮ್ಮೂರಿನ ಆಸ್ಪತ್ರೆಯಲ್ಲಿ ಇದೆಯಾ ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ.

ನೆನಪಿರಲಿ

* ಆಂಜಿಯೋಗ್ರಾಂ ಸಿ.ಡಿ., ರಿಪೋರ್ಟ್ ಎರಡನ್ನೂ ಜೋಪಾನ ಮಾಡಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ತೋರಿಸಿ.

* ‘ನಾಳ ಯಾವ ದಾರಿಯಲ್ಲಿದೆ? ಸಿ.ಟಿ. ಬೇಕಾ? ಎಷ್ಟು ಶ್ರಮದ ಕೆಲಸ ಮಾಡಬಹುದು?’ ಅಂತ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.

* ಬ್ಲಾಕ್‌ಗೆ ಕೊಟ್ಟ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

* ಮಕ್ಕಳು ಓಡುವಾಗ, ಆಡುವಾಗ ತಲೆಸುತ್ತಿ ಬಿದ್ದರೆ ‘ಬಿಸಿಲಿಗೆ ಹೀಗಾಯ್ತು’ ಅಂತ ಸುಮ್ಮನಾಗದೆ ಹೃದ್ರೋಗ ತಜ್ಞರಿಗೆ ತೋರಿಸಿ.