ಮೈ ಲಾಯ್‌ನಲ್ಲಿ ಇಳಿದ ಹೆಲಿಕಾಪ್ಟರ್

ರೊಬಸ್ಟಾ ಧಾರಣೆ ಇಳಿದಾಗಲೆಲ್ಲ ನಮ್ಮ ಬೆಳೆಗಾರರು ವಿಯೆಟ್ನಾಂ ದೇಶವನ್ನು ನೆನೆಯುವುದುಂಟು. ಮದುವೆಯ ಮಾತುಕತೆಗೆ ನಮ್ಮಂತೆಯೇ ಎಲೆ ಅಡಿಕೆ ಇಡುವ ಜನ ಅವರು. ಕಾಫಿಯಲ್ಲಿ ನಮ್ಮ ಪ್ರತಿಸ್ಪರ್ಧಿಗಳಾಗುವ ಮೊದಲು ಅವರು ಎಂಥ ಯುದ್ಧವನ್ನು ದಾಟಿ ಬಂದರೆಂಬುದು ನಮ್ಮ ಕಿರಿಯರಿಗೆ ಅಷ್ಟಾಗಿ ತಿಳಿಯದು. ಆ ಯುದ್ಧದಲ್ಲಿ ಹೆಲಿಕಾಪ್ಟರ್ ನಡೆಸಿದ ಅಮೆರಿಕದ ಒಬ್ಬ ಪೈಲಟ್‌ನ ವಿಷಯವನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಈತನ ಹೆಸರು ಹ್ಯೂ ಥಾಂಪ್ಸನ್. 1968ರ ಮಾರ್ಚ್ 16ರಂದು ಈತನಿಗೆ 24 ವರ್ಷ. ಗಾಜಿನ ಬುರುಡೆಯಂಥ ಸಣ್ಣ ಹೆಲಿಕಾಪ್ಟರಿನಲ್ಲಿ ತಗ್ಗಿನಲ್ಲಿ ಹಾರಾಡಿ, ಶತ್ರು ಎಲ್ಲಿ ಅಡಗಿದ್ದಾನೆಂದು ಪತ್ತೆ ಮಾಡುವುದು ಈತನ ಕೆಲಸ. ಜೊತೆಗೆ ಗ್ಲೆನ್ ಆಂಡ್ರಿಯೋಟಾ, ಲಾರೆನ್ಸ್ ಕೋಲ್ಬರ್ನ್ ಎಂಬ ಇಬ್ಬರು ಯೋಧರು. ಅಂದು ಬೆಳಿಗ್ಗೆ ಸೊನ್ ಮಿ ಗ್ರಾಮದ ಮೇಲೆ ಸುತ್ತಿದಾಗ ಶತ್ರುವಿನ ಒಂದು ಗುಂಡೂ ಹಾರಿ ಬರಲಿಲ್ಲ. ಕೆಳಗೆ ಕಂಡದ್ದು ಮುದುಕರು, ಹೆಂಗಸರು, ಮಕ್ಕಳ ಹೆಣಗಳು. ಗಾಯಗೊಂಡವರಿಗೆ ನೆರವಾಗಲೆಂದು ಈತ ಹಸಿರು ಹೊಗೆಯ ಗುರುತು ಹಾಕಿದ. ಹಾಗೆ ಗುರುತು ಹಾಕಿದ ಒಬ್ಬ ಹೆಂಗಸನ್ನು ತಮ್ಮದೇ ಸೇನೆಯ ಅಧಿಕಾರಿ ಬಂದು ಗುಂಡಿಟ್ಟು ಕೊಂದದ್ದನ್ನು ಮೂವರೂ ಮೇಲಿನಿಂದ ನೋಡಿದರು.

ಸ್ವಲ್ಪ ಹೊತ್ತಿನ ಮೇಲೆ, ನೆಲದೊಳಗಿನ ಆಸರೆಯೊಂದರಲ್ಲಿ ಅವಿತಿದ್ದ ಹಳ್ಳಿಗರ ಕಡೆಗೆ ಅಮೆರಿಕನ್ ಸೈನಿಕರು ನಡೆದು ಹೋಗುತ್ತಿರುವುದು ಕಂಡಿತು. ಥಾಂಪ್ಸನ್ ಇಬ್ಬರ ನಡುವೆಯೇ ಹೆಲಿಕಾಪ್ಟರ್ ಇಳಿಸಿದ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆಯೇ ಹಾರಿಸಿ ಎಂದು ಜೊತೆಯವರಿಗೆ ಹೇಳಿ ತಾನು ಇಳಿದು ನಡೆದ. ಸುಮಾರು ಹತ್ತು ಜನರನ್ನು ಹೊರಗೆ ಕರೆದು, ಬೇರೆ ಹೆಲಿಕಾಪ್ಟರುಗಳನ್ನು ಬರಮಾಡಿ ಸಾಗಿಸಿದ. ಹೆಣಗಳು ತುಂಬಿದ ಕಾಲುವೆಗೆ ಆಂಡ್ರಿಯೋಟಾ ಇಳಿದು ಜೀವವಿದ್ದ ಒಂದು ಮಗುವನ್ನು ಎತ್ತಿ ತಂದ. ಮಗುವನ್ನು ಕ್ವಾಂಗ್ ನ್ಗಾಯ್ ಆಸ್ಪತ್ರೆಗೆ ಮುಟ್ಟಿಸಿದರು. ಥಾಂಪ್ಸನ್ ಮೇಲಧಿಕಾರಿಗಳಿಗೆ ದೂರಿತ್ತ ಮೇಲೆಯೇ ಕೊಲೆ ನಿಲ್ಲಿಸುವಂತೆ ಆಜ್ಞೆ ಹೋದದ್ದು. ವಿಯೆಟ್ನಾಂ ಲೆಕ್ಕದಂತೆ ಅಷ್ಟರಲ್ಲಿ 504 ಜನ ಸತ್ತಿದ್ದರು.

ಮೂರು ವಾರ ಕಳೆದ ಸ್ವಲ್ಪದರಲ್ಲೇ ಆಂಡ್ರಿಯೋಟಾ ಯುದ್ಧದಲ್ಲಿ ಮಡಿದ. ಥಾಂಪ್ಸನ್‌ಗೆ ಸೇನೆ ಒಂದು ಪದಕವನ್ನೇನೋ ಕೊಟ್ಟಿತು. ಆದರೆ ಎರಡು ಕಡೆಯ ಗುಂಡಿನ ನಡುವಿನಿಂದ ಮಗುವನ್ನು ಉಳಿಸಿದನೆಂದು ಅದರಲ್ಲಿ ಸುಳ್ಳು ಬರೆದಿತ್ತು. ಆತ ಅದನ್ನು ಎಸೆದುಬಿಟ್ಟ. ಮುಂದೆ ಹೆಲಿಕಾಪ್ಟರ್ ಬಿದ್ದು ಬೆನ್ನುಮೂಳೆ ಮುರಿಯಿತು. ಮೂಳೆ ಕೂಡಿತು, ಉಳಿದದ್ದು ಕೂಡಲಿಲ್ಲ. ವಿಚಾರಣೆಯಲ್ಲಿ ನಿಜ ಹೇಳಿದ್ದಕ್ಕೆ ಆತನನ್ನೇ ದ್ರೋಹಿ ಎಂದರು. ಶಿಕ್ಷೆಯಾಗಬೇಕಾದವನು ಥಾಂಪ್ಸನ್ ಒಬ್ಬನೇ ಎಂದು ಮೆಂಡೆಲ್ ರಿವರ್ಸ್ ಎಂಬ ಸಂಸತ್ ಸದಸ್ಯರೇ ಹೇಳಿದರಂತೆ! ಮನೆಗೆ ಕೊಲೆ ಬೆದರಿಕೆಯ ಕರೆಗಳು ಬಂದವು. ಸತ್ತ ಪ್ರಾಣಿಗಳನ್ನು ಬಾಗಿಲಲ್ಲಿ ಎಸೆದು ಹೋದರು. ಕೆಟ್ಟ ಕನಸು, ಕುಡಿತ, ಮುರಿದ ಸಂಸಾರ ಇವು ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಇತ್ತ ಕೊಲೆಗೆ ಶಿಕ್ಷೆಯಾದದ್ದು ಲೆಫ್ಟಿನೆಂಟ್ ಕ್ಯಾಲಿ ಒಬ್ಬನಿಗೆ. 1971ರಲ್ಲಿ ವಿಧಿಸಿದ ಜೀವಾವಧಿ ಶಿಕ್ಷೆ ಮೂರೂವರೆ ವರ್ಷಕ್ಕೆ ಮುಗಿಯಿತು. ಅದರಲ್ಲಿಯೂ ಹೆಚ್ಚಿನದು ಗೃಹಬಂಧನ.

ಥಾಂಪ್ಸನ್ ಕೊನೆಗೆ ಲೂಸಿಯಾನಾದಲ್ಲಿ ನೆಲೆಸಿ, ತನ್ನಂತೆಯೇ ನೊಂದ ಮಾಜಿ ಸೈನಿಕರಿಗೆ ಧೈರ್ಯ ಹೇಳುವ ಕೆಲಸ ಹಿಡಿದ. 1998ರ ಮಾರ್ಚ್‌ನಲ್ಲಿ, ಮೂವತ್ತು ವರ್ಷಗಳ ನಂತರ, ಮೂವರಿಗೂ ಸೇನೆ 'ಸೋಲ್ಜರ್ಸ್ ಮೆಡಲ್' ಕೊಟ್ಟಿತು. ಆಂಡ್ರಿಯೋಟಾನ ಪದಕವನ್ನು ಪಡೆಯಲು ಆತನೇ ಇರಲಿಲ್ಲ.

ಅದೇ ತಿಂಗಳು ಥಾಂಪ್ಸನ್, ಕೋಲ್ಬರ್ನ್ ಇಬ್ಬರೂ ಮೈ ಲಾಯ್‌ಗೆ ಹೋದರು. ಅಂದು ಉಳಿದುಕೊಂಡಿದ್ದ ಹೆಂಗಸರು ಬಂದು ಕೈ ಹಿಡಿದುಕೊಂಡರು. ಅವರಲ್ಲೊಬ್ಬಳು, ಕೊಂದವರೂ ನಿಮ್ಮ ಜೊತೆ ಏಕೆ ಬರಲಿಲ್ಲ, ಬಂದಿದ್ದರೆ ಕ್ಷಮಿಸುತ್ತಿದ್ದೆವಲ್ಲ ಎಂದು ಕೇಳಿದಳು. ಅಷ್ಟು ದೊಡ್ಡ ಮನಸ್ಸು ತನಗಿಲ್ಲ, ತನ್ನಿಂದ ಕ್ಷಮಿಸಲಾಗದು ಎಂದು ಥಾಂಪ್ಸನ್ ಆಮೇಲೆ ಹೇಳಿಕೊಂಡಿದ್ದಾನೆ. 2006ರ ಜನವರಿ 6ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ಆತನ ವಯಸ್ಸು 62. ಹಾಸಿಗೆಯ ಪಕ್ಕದಲ್ಲಿ ಕೋಲ್ಬರ್ನ್ ಇದ್ದ.