‘ರಾದರ್’ಗೆ ಕನ್ನಡವೇನು?

ಮಕ್ಕಳ ಇಂಗ್ಲಿಷ್ ಪಾಠದಲ್ಲಿ ‘ರಾದರ್’ ಎಂಬ ಪುಟ್ಟ ಪದವೊಂದು ಬರುತ್ತದೆ. ‘ಐ ವುಡ್ ರಾದರ್ ಸ್ಟೇ ಅಟ್ ಹೋಮ್’ ಎಂಬ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಲು ಹೇಳಿದರೆ ‘ನಾನು ಬದಲಿಗೆ ಮನೆಯಲ್ಲಿ ಇರುತ್ತೇನೆ’ ಎಂದು ಬರೆಯುವ ಮಕ್ಕಳುಂಟು. ಪದಕ್ಕೆ ಪದ ಸಿಕ್ಕಿತು. ಮಾತು ಮಾತ್ರ ಕನ್ನಡವಾಗಲಿಲ್ಲ.

ಈ ಪದದ ಹಳೆಯ ಅರ್ಥ ‘ಇನ್ನೂ ಬೇಗ, ಮುಂಚೆ’ ಎಂದು. ಎರಡರಲ್ಲಿ ಮನಸ್ಸು ಯಾವುದರತ್ತ ಮೊದಲು ಹರಿಯುವುದೋ ಅದರ ಮೇಲೆಯೇ ಒಲವು; ಇಂದಿನ ಅರ್ಥ ಹುಟ್ಟಿದ್ದು ಹೀಗೆ. ‘ರಾದರ್ ಕೋಲ್ಡ್’ ಎಂದರೆ ತುಸು ಹೆಚ್ಚೇ ಚಳಿ. ‘ಆರ್ ರಾದರ್’ ಎಂದರೆ ಸರಿಯಾಗಿ ಹೇಳುವುದಾದರೆ. ಒಲವನ್ನು ಹೇಳಲು ಕನ್ನಡಕ್ಕೆ ‘ಗಿಂತ’, ಕೊನೆಗೊಂದು ‘ವಾಸಿ’ ಸಾಕು: ‘ಈ ಮಳೆಯಲ್ಲಿ ಹೋಗುವುದಕ್ಕಿಂತ ಮನೆಯಲ್ಲಿರುವುದೇ ವಾಸಿ.’ ಇಂಗ್ಲಿಷು ನನ್ನ ಇಷ್ಟವನ್ನು ಹೇಳಿದರೆ ಕನ್ನಡ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತದೆ.

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ತಾಲೂಕಿನ ಬಹುಭಾಗ, ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ನಮ್ಮ ಮಕ್ಕಳ ಕಿವಿಗೆ ಮಲಯಾಳ ಬೀಳುವಂತೆ ಅಲ್ಲಿನ ಕನ್ನಡ ಮನೆಗಳ ಮಕ್ಕಳ ಕಿವಿಗೆ ತೆಲುಗೂ ಉರ್ದುವೂ ಬೀಳುತ್ತವೆ. ‘ಆರ್ ರಾದರ್’ ಎಂಬುದಕ್ಕೆ ಉರ್ದುವಿನಲ್ಲಿ ‘ಬಲ್ಕಿ’ ಎಂಬ ಸಿದ್ಧಪದವೇ ಇದೆ. ಆ ಸೀಮೆಯ ಕನ್ನಡದಲ್ಲಿ ‘ಹೋಗೋದಕ್ಕಿಂತ ಮನ್ಯಾಗ ಇರೋದೇ ಚಲೋ’ ಎಂದರಾಯಿತು, ಮಾತು ಪೂರ್ಣ.

ಇನ್ನೊಂದು ಸೋಜಿಗ ನೋಡಿ. ನಮ್ಮ ‘ವಾಸಿ’ಗೆ ಎರಡು ಅರ್ಥ: ಇದಕ್ಕಿಂತ ಅದು ಮೇಲು ಎಂಬುದು ಒಂದು, ಕಾಯಿಲೆ ಗುಣವಾಯಿತು ಎಂಬುದು ಇನ್ನೊಂದು. ತೆಲುಗಿನ ‘ನಯಂ’ ಪದಕ್ಕೂ ಇವೇ ಎರಡು ಅರ್ಥ. ಮಲಯಾಳದ ‘ಭೇದಂ’ ಪದಕ್ಕೂ ಅಷ್ಟೇ. ಜ್ವರ ಇಳಿದರೂ ‘ಭೇದಂ’, ಇದ್ದುದರಲ್ಲಿ ಪರವಾಗಿಲ್ಲ ಎಂದರೂ ‘ಭೇದಂ’. ಮೂರು ಭಾಷೆಗಳು, ಮೂರು ಬೇರೆ ಪದಗಳು, ಮನಸ್ಸಿನ ದಾರಿ ಮಾತ್ರ ಒಂದೇ. ನೆರೆಯ ಭಾಷೆಯನ್ನು ಬಲ್ಲ ಗಡಿನಾಡಿನ ಮಗುವಿಗೆ ಇದು ಹೊರೆಯಲ್ಲ, ಸಲೀಸಾಗಿ ಸಿಕ್ಕಿದ ಸಂಪತ್ತು.

ಆದರೆ ‘ವಾಸಿ’ ಬೇರೆ, ‘ಲೇಸು’ ಬೇರೆ. ‘ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ’ ಎಂಬ ಗಾದೆಯಲ್ಲಿ ಮೆಳ್ಳೆಗಣ್ಣಿಗೆ ಹೊಗಳಿಕೆಯೇನೂ ಇಲ್ಲ. ಬೇರೆ ದಾರಿ ಕಾಣದೆ ಒಪ್ಪಿಕೊಂಡದ್ದು ಅಷ್ಟೇ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ‘ಕನ್ನಡ ಮಾಧ್ಯಮಕ್ಕಿಂತ ಬೇರೆಯದೇ ವಾಸಿ’ ಎನ್ನುವ ತಂದೆತಾಯಂದಿರು ಇಲ್ಲೂ ಉಂಟು, ಅಲ್ಲೂ ಉಂಟು. ಅವರ ಚಿಂತೆ ಸುಳ್ಳಲ್ಲ. ಆದರೆ ಹಾಗೆ ತೂಗಿ ನೋಡುವ ಮಾತನ್ನೂ ನಾವು ಆಡುವುದು ಕನ್ನಡದಲ್ಲೇ ಅಲ್ಲವೇ?

ಆದುದರಿಂದ ಇಂದು ಸಂಜೆ ಮಗು ‘ರಾದರ್’ನ ಅರ್ಥ ಕೇಳಿದರೆ ನಿಘಂಟು ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿ: ‘ಯಾವುದಕ್ಕಿಂತ ಯಾವುದು ವಾಸಿ?’ ಉತ್ತರ ಮಗುವಿನ ಬಾಯಿಯಿಂದಲೇ, ಅಚ್ಚ ಕನ್ನಡದಲ್ಲೇ ಬಂದೀತು.