ಮನೆಯ ಗಾಜಿನ ತೊಟ್ಟಿಯಲ್ಲಿ ಕುಳ್ಳ ಸಿಕ್ಲಿಡ್ ಮೀನುಗಳ ವಂಶವೃದ್ಧಿ

ಮೀನು ತನ್ನ ಮರಿಗಳನ್ನು ನೋಟದಿಂದಲೂ, ಆಮೆಯು ಸ್ಮರಣೆಯಿಂದಲೂ, ಹಕ್ಕಿಯು ಸ್ಪರ್ಶದಿಂದಲೂ ಪೋಷಿಸುತ್ತವೆಂಬುದು ಸಂಸ್ಕೃತ ಸುಭಾಷಿತಕಾರರ ಮಾತು. ಬಹುಪಾಲು ಮೀನುಗಳ ಮಟ್ಟಿಗೆ ಇದು ಕವಿಕಲ್ಪನೆಯೇ ಸರಿ. ಅವು ತತ್ತಿಯಿಟ್ಟು ಹೊರಟುಹೋಗುತ್ತವೆ. ಆದರೆ ಸಿಕ್ಲಿಡ್ ಎಂಬ ಕುಲದ ಮೀನುಗಳು ತತ್ತಿಗೂ ಮರಿಗೂ ಕಾವಲು ನಿಲ್ಲುತ್ತವೆ. ಈ ಕುಲದಲ್ಲಿ ನಾಲ್ಕು ಅಂಗುಲ ಮೀರದ ಕುಳ್ಳ ಜಾತಿಗಳನ್ನು ಮನೆಯ ತೊಟ್ಟಿಯಲ್ಲಿಯೇ ಸಂಸಾರ ಹೂಡಿಸಬಹುದು.

ಮೊದಲು ನೀರನ್ನು ನೋಡಬೇಕು, ಅನಂತರ ಮೀನನ್ನು. ಅನೇಕರು ಈ ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ಪೇಟೆಯಲ್ಲಿ ಕಣ್ಸೆಳೆಯುವ ರಾಮಿರೆಜಿ ಎಂಬ ಮೀನು ವೆನೆಜುವೆಲಾ, ಕೊಲಂಬಿಯಾ ದೇಶಗಳ ಓರಿನೋಕೋ ಬಯಲಿನದು. ಅದರ ತತ್ತಿಗಳು ನೆಟ್ಟಗೆ ಒಡೆಯಬೇಕಾದರೆ ಮಳೆನೀರಿನಂತಹ ಮೆದು ನೀರು ಬೇಕು. ಎರೆಭೂಮಿಯ ನಮ್ಮ ಬಾವಿಗಳ ನೀರಾದರೋ ಬಹುಮಟ್ಟಿಗೆ ಗಡಸು. ಬೇಳೆ ಬೇಯದ, ಸಾಬೂನು ನೊರೆಯದ, ಕಾಸಿದ ಪಾತ್ರೆಯ ತಳದಲ್ಲಿ ಬೆಳ್ಳನೆಯ ಹಕ್ಕಳೆ ಕಟ್ಟುವ ನೀರು ಯಾವುದೆಂಬುದನ್ನು ಬೈಲಹೊಂಗಲ, ರಾಮದುರ್ಗಗಳ ಗೃಹಿಣಿಯರಿಗೆ ಯಾವ ರಸಾಯನಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿಲ್ಲ. ಕಿತ್ತೂರಿನವರು ಶುದ್ಧವಾದ ಮಳೆನೀರನ್ನು ಹಿಡಿದಿಟ್ಟು ರಾಮಿರೆಜಿಗೆ ಪ್ರಯತ್ನಿಸಬಹುದು. ಉಳಿದವರು ನೀರಿಗೆ ತಕ್ಕ ಮೀನನ್ನು ಆರಿಸುವುದೇ ಲೇಸು.

ಅಂತಹ ಮೀನು ನಮ್ಮ ನಾಡಿನಲ್ಲಿಯೇ ಇದೆ. ಅಂಗಡಿಯವರು ಆರೆಂಜ್ ಕ್ರೋಮೈಡ್ ಎನ್ನುವ, ಮಲೆಯಾಳಿಗಳು ಪಳ್ಳತ್ತಿ ಎಂದು ಕರೆಯುವ ಈ ಮೀನು ದಕ್ಷಿಣ ಭಾರತ ಹಾಗೂ ಶ್ರೀಲಂಕೆಯ ಹಿನ್ನೀರುಗಳದು. 1795ರಲ್ಲಿಯೇ ಬ್ಲಾಕ್ ಎಂಬ ಜರ್ಮನ್ ವಿದ್ವಾಂಸನು ಇದನ್ನು ವರ್ಣಿಸಿದನು. ಮೂರು ಅಂಗುಲದ, ಕಿತ್ತಳೆಬಣ್ಣದ ಈ ಜೀವಿಗೆ ಗಡಸು ನೀರು ಬಾಧಕವಲ್ಲ. ಇದರ ದಾಯಾದಿಯಾಗಿ ಕನ್ನಡ ಜಿಲ್ಲೆಯ ಹೆಸರನ್ನೇ ಹೊತ್ತ ಎಟ್ರೋಪ್ಲಸ್ ಕನರೆನ್ಸಿಸ್ ಒಂದುಂಟು. ಅದು ಕರಾವಳಿಯ ನದಿಗಳಲ್ಲಿ ಮಾತ್ರ ದೊರೆಯುವ ಅಪರೂಪದ ಮೀನಾದುದರಿಂದ ಹೊಳೆಯಿಂದ ಹಿಡಿದು ತರಿಸಬಾರದು.

ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯು ಸುಮಾರು 100 ಲೀಟರು ನೀರು ಹಿಡಿಯುತ್ತದೆ. ಒಂದು ಜೋಡಿಗೆ ಅದು ಧಾರಾಳ. ತಳಕ್ಕೆ ತೊಳೆದ ಮರಳು, ಒಂದೆರಡು ಚಪ್ಪಟೆ ಕಲ್ಲು, ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆ, ಗಾಳಿಯಂತ್ರಕ್ಕೆ ಜೋಡಿಸಿದ ಸ್ಪಂಜಿನ ಶೋಧಕ, ಇಷ್ಟು ಸಾಕು. ನಲ್ಲಿನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಡಬೇಕು. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ವಿಷವನ್ನು ನೈಟ್ರೈಟಾಗಿಯೂ ಅದನ್ನು ನಿರಪಾಯಕರವೆನ್ನಬಹುದಾದ ನೈಟ್ರೇಟಾಗಿಯೂ ಪರಿವರ್ತಿಸುವ ಸೂಕ್ಷ್ಮಜೀವಿಗಳು ಶೋಧಕದಲ್ಲಿ ನೆಲೆಗೊಳ್ಳಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಹೊಸ ತೊಟ್ಟಿಗೆ ಅಂದೇ ಮೀನು ಬಿಟ್ಟು, ವಾರದೊಳಗೆ ಸತ್ತವೆಂದು ಮಕ್ಕಳು ಅಳುವುದಕ್ಕೆ ಈ ಅವಸರವೇ ಬಹುಮಟ್ಟಿಗೆ ಕಾರಣ. ಧನುರ್ಮಾಸದ ರಾತ್ರಿಗಳಲ್ಲಿ ನೀರು 24 ಡಿಗ್ರಿಗಿಂತ ತಣಿಯದಂತೆ ಶಾಖಯಂತ್ರವಿರಲಿ.

ಗಂಡುಹೆಣ್ಣುಗಳನ್ನು ನೋಡಿ ಗುರುತಿಸುವುದು ಕಷ್ಟ. ಆರು ಮರಿಗಳನ್ನು ತಂದು ಬೆಳೆಸಿದರೆ ಅವೇ ಜೋಡಿ ಕೂಡುತ್ತವೆ. ಆಗ ಉಳಿದವನ್ನು ಬೇರೆಡೆಗೆ ಸಾಗಿಸಬೇಕು. ಜೋಡಿಯು ಕಲ್ಲನ್ನು ಬಾಯಿಂದ ಶುಚಿಗೊಳಿಸಿ ಸುಮಾರು 200 ತತ್ತಿಗಳನ್ನು ಅಂಟಿಸುತ್ತದೆ. ತಾಯಿತಂದೆಗಳಿಬ್ಬರೂ ಈಜುರೆಕ್ಕೆಯಿಂದ ಗಾಳಿ ಬೀಸುತ್ತಾರೆ. ಕೆಲವೇ ದಿನಗಳಲ್ಲಿ ತತ್ತಿಯೊಡೆದ ಮರಿಗಳನ್ನು ಮರಳಿನ ಕುಳಿಗೆ ಒಯ್ದಿರಿಸುತ್ತಾರೆ. ಮರಿಗಳು ಈಜತೊಡಗಿದ ಮೇಲೆ ತಾಯಿತಂದೆಗಳ ಮೈಗೆ ಮುತ್ತಿ, ಚರ್ಮದ ಮೇಲಣ ಲೋಳೆಯನ್ನು ಮೆಲ್ಲುತ್ತವೆ. ಸುಭಾಷಿತಕಾರನು ಇದನ್ನು ಕಂಡಿದ್ದರೆ ಸ್ಪರ್ಶದ ಗೌರವವನ್ನು ಹಕ್ಕಿಯೊಂದಕ್ಕೇ ಮೀಸಲಿಡುತ್ತಿರಲಿಲ್ಲ! ಆದುದರಿಂದ ಮರಿಗಳನ್ನು ಆಗಲೇ ಬೇರ್ಪಡಿಸಲಾಗದು. ಜೊತೆಗೆ ಆಗತಾನೆ ಒಡೆದ ಆರ್ಟೀಮಿಯಾ ಸೀಗಡಿಮರಿಗಳನ್ನು ಕೊಡುವುದು ವಾಡಿಕೆ. ಜೀವಂತ ಆಹಾರ ನೀಡಲೊಪ್ಪದ ಮನೆಯವರು ನುಣ್ಣಗೆ ಅರೆದ ಒಣ ಆಹಾರವನ್ನು ದಿನಕ್ಕೆ ನಾಲ್ಕೈದು ಸಲ ಚಿಟಿಕೆಯಷ್ಟೇ ಹಾಕಬಹುದು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸತಕ್ಕದ್ದು.

ಹೆಚ್ಚಾದ ಮರಿಗಳನ್ನು ಕೆರೆಗಾಗಲಿ, ಮಲಪ್ರಭೆಗಾಗಲಿ, ನವಿಲುತೀರ್ಥದ ಜಲಾಶಯಕ್ಕಾಗಲಿ ಬಿಡಕೂಡದು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯವೂ ಸಿಕ್ಲಿಡ್ ಕುಲದ್ದೇ. ಬಾಯಲ್ಲಿ ಮರಿ ಕಾಯುವ ಅದರ ವಾತ್ಸಲ್ಯವೇ ದೇಶದ ಕೆರೆಕಟ್ಟೆಗಳಲ್ಲಿ ಅದು ಹಬ್ಬಿ, ನಾಡ ಮೀನುಗಳ ಅನ್ನಕ್ಕೆ ಸಂಚಕಾರ ತಂದಿತು. ಅಂಗುಲದಷ್ಟು ಬೆಳೆದ ಮರಿಗಳನ್ನು ತೊಟ್ಟಿಯುಳ್ಳ ನೆರೆಮನೆಗೋ, ಶಾಲೆಯ ವಿಜ್ಞಾನ ಕೊಠಡಿಗೋ ಕೊಡಬಹುದು. ಅಷ್ಟರಲ್ಲಿ ಹಳೆಯ ಜೋಡಿಯು ಮತ್ತೆ ಕಲ್ಲನ್ನು ತಿಕ್ಕತೊಡಗಿರುತ್ತದೆ.